ಹಗೇವಿನ ಬಾಯಿಗೆ ಮೆತ್ತಿದ ಹಸಿಮಣ್ಣು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಅಜ್ಜಿ ಅನುಮಾನ ಪಟ್ಟು ನೋಡದ ಹೊರತು ಯಾವ ವಸ್ತುವೂ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಬೈರಕೂರಿನ ಕಡೆಯ ಸಣ್ಣ ಹಳ್ಳಿ ನಮ್ಮದು. ಎಣ್ಣೆ ತಂದರೆ ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ ಮೂಸುತ್ತಿದ್ದಳು. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು, ಸದ್ದು ಒಡೆದು ಬಂದರೆ ವಾಪಸು. ಟೀ ಪುಡಿಯನ್ನು ತಣ್ಣೀರಿಗೆ ಉದುರಿಸುತ್ತಿದ್ದಳು, ಕೂಡಲೇ ಬಣ್ಣ ಬಿಟ್ಟರೆ ಅದು ಕಲಬೆರಕೆ. ಚೇಳು ಇದ್ದೀತೆಂದು ಹಾಸಿಗೆ ಕೊಡವದೆ ನಮ್ಮನ್ನು ಮಲಗಿಸುತ್ತಿರಲಿಲ್ಲ. "ನೋಡಿ ನಂಬ್ಬೇಕು ಕಣೇ, ನಂಬಿ ಆಮೇಲೆ ನೋಡೋದಲ್ಲ" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನಾವೆಲ್ಲ ಗೌನಿಪಲ್ಲಿಗೆ ಮದುವೆಗೆ ಹೋಗಿದ್ದೆವು. ನಾಲ್ಕು ದಿನ ಮನೆಗೆ ಬೀಗ. ಬಸ್ಸಿಳಿದು ನಡೆದು ಬರುವಾಗ ಹೊಲಗಳಲ್ಲಿ ಹೊಸ ಮಳೆಯ ವಾಸನೆ ಇನ್ನೂ ಇತ್ತು. ಅಪ್ಪನ ಹೆಗಲ ಮೇಲೆ ಮದುವೆ ಮನೆಯವರು ಕೊಟ್ಟ ಮಾವಿನಹಣ್ಣಿನ ಗಂಟು. ಅಂಗಳಕ್ಕೆ ಕಾಲಿಟ್ಟವಳೇ ಅಜ್ಜಿ ನಿಂತುಬಿಟ್ಟಳು. ಅವಳ ಕಣ್ಣು ಹಗೇವಿನ ಮೇಲಿತ್ತು.

ಹಗೇವು ಅಂದರೆ ನಿಮಗೆ ಗೊತ್ತಿರಲಾರದು. ಅಂಗಳದಲ್ಲಿ ಎರಡಾಳು ಆಳಕ್ಕೆ ಅಗೆದ ಗುಂಡಿ. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಮಾತ್ರ ಗುಡಾಣದಂತೆ ದೊಡ್ಡ ಹೊಟ್ಟೆ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಮಣ್ಣು ಸಗಣಿ ಕಲಸಿ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಮನೆಯವರೆಲ್ಲರ ಊಟ ಅದರೊಳಗೇ ಇರುತ್ತಿತ್ತು.

ಮೆತ್ತಿದ ಮಣ್ಣು ಒಣಗಿ ಬೂದು ಬಣ್ಣಕ್ಕೆ ತಿರುಗಿರಬೇಕಿತ್ತು. ಅಂದು ಅರ್ಧ ಭಾಗ ಕಪ್ಪಗೆ ಹಸಿಯಾಗಿತ್ತು. ಅದರ ಮೇಲೆ ಬೆರಳುಗಳ ಗುರುತು. ಅಜ್ಜಿ ಕುಕ್ಕರಗಾಲಲ್ಲಿ ಕೂತು ಆ ಗುರುತುಗಳ ಮೇಲೆ ತನ್ನ ಬೆರಳಿಟ್ಟು ನೋಡಿದಳು. ಅವು ಅವಳ ಬೆರಳಿಗಿಂತ ದಪ್ಪವಾಗಿದ್ದವು.

"ಇದು ನಮ್ಮನೆ ಕೈಯಲ್ಲ" ಎಂದಳು.

ನಾವೆಲ್ಲರೂ ಪಕ್ಕದ ಮನೆಯ ಗೋಡೆಯತ್ತ ನೋಡಿದೆವು. ನಾವು ಮಾವ ಎಂದು ಕರೆಯುತ್ತಿದ್ದ ಆ ಮನೆಯವರ ಜೊತೆ ನಮಗೆ ಎರಡು ವರ್ಷದಿಂದ ಮಾತಿರಲಿಲ್ಲ. ಅವರ ಮೇಕೆಗಳು ನಮ್ಮ ಹಿಪ್ಪುನೇರಳೆ ಸೊಪ್ಪು ಮೇಯ್ದಿದ್ದೇ ಜಗಳಕ್ಕೆ ಕಾರಣ. ಅಕ್ಕ ಗೋಡೆಯಾಚೆ ಇಣುಕಿ ಬಂದು, "ಅವರ ನೀರಿನ ಬಾನಿ ಹತ್ರ ಮಣ್ಣು ಕಲಸಿದ ಮಂಕರಿ ಐತೆ ಅಪ್ಪ" ಎಂದು ಪಿಸುಗುಟ್ಟಿದಳು. ಅಪ್ಪನ ಮುಖ ಕೆಂಪಾಯಿತು. ಗಂಟನ್ನು ಜಗುಲಿಯ ಮೇಲೆ ಎಸೆದು ಹಾರೆ ತಂದರು.

ಚಪ್ಪಡಿ ಸರಿಯಿತು. ಒಳಗಿನಿಂದ ಬಿಸಿಯಾದ, ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಬರೀ ಕತ್ತಲು, ರಾಗಿ ಕಾಣಲಿಲ್ಲ. ಹಿಂದಿನ ಸಲ ತೆಗೆದಾಗ ಒಳಗೆ ಎದೆಮಟ್ಟ ಉಳಿದಿತ್ತು. ಈಗ ಎಷ್ಟಿದೆಯೋ! ಅಪ್ಪ ಪಂಚೆ ಎತ್ತಿ ಕಟ್ಟಿ, ಬಾಯಂಚಿಗೆ ಕೂತು ಕಾಲು ಇಳಿಬಿಟ್ಟರು.

"ಲೇ, ದೀಪ ಬಿಡದೆ ಇಳೀಬೇಡ" ಎಂದಳು ಅಜ್ಜಿ.

"ದೀಪ ಗೀಪ ಆಮೇಲಮ್ಮ. ರಾಗಿ ಐತೋ ಇಲ್ವೋ ಮೊದ್ಲು ನೋಡ್ತೀನಿ."

ಅಜ್ಜಿ ಕೇಳಲಿಲ್ಲ. ಬುಡ್ಡಿದೀಪ ಹಚ್ಚಿಸಿ, ಹಗ್ಗಕ್ಕೆ ಕಟ್ಟಿ ತಾನೇ ಇಳಿಬಿಟ್ಟಳು. ಒಂದು ಮೊಳ ಹೋಗಿತ್ತೋ ಇಲ್ಲವೋ, ದೀಪ ಆರಿತು. ಗಾಳಿ ಬಡಿದಿರಬೇಕು ಎಂದರು ಅಪ್ಪ. ಮತ್ತೆ ಹಚ್ಚಿದರು. ಎಲೆಯೂ ಅಲುಗದ ಮಧ್ಯಾಹ್ನ ಅದು. ಯಾರೋ ಬೆರಳಿನಿಂದ ಹಿಸುಕಿದ ಹಾಗೆ ದೀಪ ಮತ್ತೆ ಆರಿತು.

"ಸೀಮೆಎಣ್ಣೆಗೆ ನೀರು ಬೆರೆಸವ್ನೆ ಆ ಅಂಗಡಿಯವ್ನು" ಎಂದು ಅಪ್ಪ ಸಿಡುಕಿದರು. ಅಂದು ಅವರಿಗೆ ಎಲ್ಲದರ ಮೇಲೂ ಅನುಮಾನ, ಆ ಗುಂಡಿಯೊಂದನ್ನು ಬಿಟ್ಟು. ಅಜ್ಜಿ ತೋಳು ಹಿಡಿದುಕೊಳ್ಳುವುದರೊಳಗೆ ಅವರು ಅಂಚಿಗೆ ಕೈಯೂರಿ ಇಳಿದೇಬಿಟ್ಟರು. ಸೊಂಟ ಮುಳುಗಿತು, ಹೆಗಲು ಮುಳುಗಿತು, ತಲೆಯೂ ಒಳಗಾಯಿತು.

"ದಿಗೊದ್ದು! ದಿಗೊದ್ದು ರಾ!"

ಇಳಿಯಬೇಡ, ಇಳಿಯಬೇಡ ಎಂದು ತೆಲುಗಿನಲ್ಲಿ ಕೂಗುತ್ತಾ ಪಕ್ಕದ ಮನೆಯ ಮಾವ ಗೋಡೆ ಹಾರಿ ಬಂದರು. ಬಗ್ಗಿ ಅಪ್ಪನ ಎರಡೂ ರಟ್ಟೆ ಹಿಡಿದರು. "ಬಿಡೋ! ಕಳ್ಳತನ ಗೊತ್ತಾಗ್ತದೆ ಅಂತ ಅಡ್ಡ ಬರ್ತೀಯಾ?" ಎಂದು ಅಪ್ಪ ಒಳಗಿನಿಂದಲೇ ಕೊಸರಾಡಿದರು. ಆಮೇಲೆ ಮಾತು ತೊದಲಿತು. ಅಂಚು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಅದನ್ನು ನಾನು ಕಣ್ಣಾರೆ ಕಂಡೆ. ಅಮ್ಮ ಚೀರಿ ಓಡಿಬಂದು ಮಾವನ ಸೊಂಟ ಹಿಡಿದಳು, ಅಮ್ಮನನ್ನು ಅಕ್ಕ ಹಿಡಿದಳು. ಮೂವರೂ ಎಳೆದರು. ಅಪ್ಪನ ಮೈ ಒದ್ದೆ ಮೂಟೆಯಂತೆ ಮೇಲೆ ಬಂತು.

ತುಟಿ ನೀಲಿಯಾಗಿತ್ತು. ಅಕ್ಕ ಮೊರದಲ್ಲಿ ಬೀಸಿದಳು. ನಾನು ಅಪ್ಪನ ಕಾಲು ಹಿಡಿದುಕೊಂಡು ಅಳುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅಪ್ಪ ಕೆಮ್ಮಿದರು, ವಾಂತಿ ಮಾಡಿದರು, ಕಣ್ಣು ಬಿಟ್ಟರು.

ಮಾವ ಅಪ್ಪನ ಪಕ್ಕ ನೆಲದ ಮೇಲೆ ಕೂತರು. "ನಮ್ಮಣ್ಣ ಹಿಂಗೇ ಇಳಿದಿದ್ದ. ಎತ್ತೋಕೆ ಅಂತ ನಮ್ಮಪ್ಪಾನೂ ಇಳಿದ. ಇಬ್ರೂ ಮೇಲಕ್ಕೆ ಬರ್ಲಿಲ್ಲ. ಮುಚ್ಚಿದ ಹಗೇವಲ್ಲಿ ಕೆಟ್ಟ ಗಾಳಿ ತುಂಬ್ಕೊಂಡಿರ್ತದೆ, ಕಣ್ಣಿಗೆ ಕಾಣಲ್ಲ" ಎಂದರು. ಆಮೇಲೆ ಹಸಿಮಣ್ಣಿನತ್ತ ನೋಡಿ, "ಮೊನ್ನೆ ಮಳೇಗೆ ಮೆತ್ತಿದ್ದು ಬಿರುಕು ಬಿಟ್ಟಿತ್ತು. ನೀರಿಳಿದ್ರೆ ರಾಗಿ ಕೊಳೀತದೆ ಅಂತ ಮೆತ್ತಿದೆ. ಹೇಳೋಣ ಅಂದ್ರೆ ನಮ್ಗೂ ನಿಮ್ಗೂ ಮಾತಿಲ್ವಲ್ಲ" ಎಂದರು.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಮಲಗಿದಲ್ಲಿಂದಲೇ ಕೈ ಚಾಚಿ ಮಾವನ ಕೈ ಹಿಡಿದರು.

ಹಗೇವನ್ನು ಮರುದಿನ ಮಧ್ಯಾಹ್ನದವರೆಗೆ ಹಾಗೇ ತೆರೆದಿಟ್ಟೆವು. ಮಾವ ಉದ್ದನೆಯ ಬೇವಿನ ಕೊಂಬೆ ತಂದು ಒಳಗೆಲ್ಲ ಬೀಸಿದರು. ಅಜ್ಜಿ ಬಿಟ್ಟ ದೀಪ ರಾಗಿ ಮುಟ್ಟುವವರೆಗೂ ಉರಿಯಿತು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ತುದಿ ಹಿಡಿದು ಮೇಲೆ ನಿಂತಿದ್ದವರು ಮಾವ. ರಾಗಿ ಎದೆಮಟ್ಟ ಹಾಗೇ ಇತ್ತು.

ಎರಡು ದಿನ ಬಿಟ್ಟು ಒಂದು ಸಂಜೆ ಅಜ್ಜಿ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋದಳು. ನಾನೂ ಹಿಂದೆ ಹೋದೆ. "ಹೆಪ್ಪಾಕೋಕೆ ಚೂರು ಮೊಸರು ಕೊಡ್ತೀಯೇನಮ್ಮ?" ಎಂದು ಮಾವನ ಹೆಂಡತಿ ಅತ್ತೆಯನ್ನು ಕೇಳಿದಳು. ನಮ್ಮ ನೆಲುವಿನಲ್ಲಿ ಗಡಿಗೆ ತುಂಬ ಮೊಸರಿತ್ತು. ಅದು ಅತ್ತೆಗೂ ಗೊತ್ತಿತ್ತು. ಅವರು ಬಟ್ಟಲು ತುಂಬಿಸಿ ಕೊಟ್ಟರು.

ಈಗ ನಿಮ್ಮ ಮನೆಗೆ ರಾಗಿ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬಾಗಿಲಿಗೆ ಕ್ಯಾಮೆರಾ ಇದೆ, ಬಂದವರ ಮುಖ ಒಳಗೆ ಕೂತೇ ಕಾಣುತ್ತದೆ. ಮೊನ್ನೆ ನೆಲದಡಿಯ ನೀರಿನ ಸಂಪು ತೊಳೆಯಲು ಒಬ್ಬಾತ ಬಂದ. ನೀವು ಅವನ ಗುರುತಿನ ಚೀಟಿ ಕೇಳಿದಿರಿ, ಫೋಟೊ ತೆಗೆದುಕೊಂಡಿರಿ. ಕೇಳಬೇಕಾದದ್ದೇ, ತಪ್ಪಲ್ಲ. ಆದರೆ ತಿಂಗಳುಗಟ್ಟಲೆ ಮುಚ್ಚಿದ್ದ ಮುಚ್ಚಳ ತೆಗೆದು ಅವನು ಕಾಲು ಇಳಿಬಿಟ್ಟಾಗ ನೀವೆಲ್ಲ ಫೋನು ನೋಡುತ್ತಿದ್ದಿರಿ. ಅದಕ್ಕೇ ನಾನು ಅಷ್ಟು ಜೋರಾಗಿ ಕೂಗಿದ್ದು. ಈ ಅಜ್ಜಿಗೆ ಏನಾಯಿತೋ ಎಂದು ನೀವು ನಕ್ಕಿರಿ. ಮುಚ್ಚಳ ತೆರೆದಿಡಿಸಿ, ಫ್ಯಾನಿನಿಂದ ಒಳಗೆ ಗಾಳಿ ಹಾಕಿಸಿ, ಹಗ್ಗ ಹಿಡಿಯಲು ಅವನ ಜೊತೆಗಾರ ಬರುವವರೆಗೂ ನಾನು ಅವನನ್ನು ಇಳಿಯಗೊಡಲಿಲ್ಲ. ಕಾಯುತ್ತಾ ಕೂತವನು ಕಾಫಿ ಕುಡಿಯುತ್ತಾ ಹೇಳಿದ: "ಇಷ್ಟು ವರ್ಷದಿಂದ ಇಳೀತಿದ್ದೀನಮ್ಮ. ಇಳೀಬೇಡ ಅಂದೋರು ನೀವೊಬ್ರೇ."