ಬೋರಿಂಗ್ ಗದ್ದೆಪ್ಪ ತರುವ ಸುದ್ದಿ

ಬೆಳಗಿನ ಐದೂವರೆ. ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗದ್ದೆಪ್ಪ ಕೈಪಂಪಿನ ತಲೆ ಬಿಚ್ಚಿಟ್ಟುಕೊಂಡು ಕೂತಿದ್ದಾರೆ. ಸುತ್ತ ಕೊಡ ಹಿಡಿದ ಹೆಂಗಸರು. "ಇನ್ನಾ ಎಷ್ಟೊತ್ತಪಾ?" ಎಂದು ಒಬ್ಬಾಕೆ ಗದರುತ್ತಾಳೆ. ಸವೆದ ಚರ್ಮದ ವಾಷರ್ ತೆಗೆದು ಹೊಸದು ಕೂರಿಸುವಾಗ ಅವರ ಕೈ ನಟ್ಟು ಬಿಗಿಯುವ ಪಾನದ ಮೇಲೆ, ಕಿವಿ ಹೆಂಗಸರ ಮಾತಿನ ಮೇಲೆ.

ಎರಡಕ್ಕೂ ಕಾರಣವಿದೆ. ನಲವತ್ತೆಂಟರ ಗದ್ದೆಪ್ಪ ಮಾನ್ವಿ, ದೇವದುರ್ಗ ತಾಲೂಕುಗಳ ನೂರಾ ಹನ್ನೆರಡು ಕೈಪಂಪುಗಳನ್ನು ಸೈಕಲ್ ಮೇಲೆ ತಿರುಗಿ ನೋಡಿಕೊಳ್ಳುವ ದಿನಗೂಲಿ ಫಿಟ್ಟರ್. ಕೈಪಂಪಿಗೆ ಈ ಕಡೆ ಬೋರಿಂಗ್ ಎನ್ನುವುದರಿಂದ ಜನ ಕರೆಯುವುದು ಬೋರಿಂಗ್ ಗದ್ದೆಪ್ಪ ಎಂದು. ಅಪ್ಪ ಎತ್ತು ಹೂಡುವ ಕಪಿಲೆ ಬಾವಿಗೆ ನೀರೆತ್ತುವ ಚರ್ಮದ ಬಾನಿ ಹೊಲಿಯುತ್ತಿದ್ದರು; ಮಗ ಮೂರನೇ ಇಯತ್ತೆಗೆ ಶಾಲೆ ಬಿಟ್ಟರು. ಪ್ರತಿ ಶನಿವಾರ ಬಿಡಿಭಾಗ ತರಲು ರಾಯಚೂರಿಗೆ ಹೋದಾಗ ತೀನ್ ಕಂದೀಲ್ ಚೌಕದ ಹತ್ತಿರದ ಫೋಟೊ ಸ್ಟುಡಿಯೊ ಮೆಟ್ಟಿಲು ಹತ್ತುತ್ತಾರೆ. ಅದರ ಮಾಲೀಕ ಮೀರಾಹುಸೇನ ಮದುವೆ ಫೋಟೊ ತೆಗೆಯುವವರು. ಜೊತೆಗೆ ಟಿವಿ ಸುದ್ದಿಗೂ ಫಿಲ್ಮು ತೆಗೆದು ಬಸ್ಸಿನಲ್ಲಿ ಗುಲ್ಬರ್ಗದ ಟಿವಿ ಕೇಂದ್ರಕ್ಕೆ ಕಳಿಸುತ್ತಾರೆ. ಹಳ್ಳಿಗಳಲ್ಲಿ ಕಂಡದ್ದನ್ನು ಅವರಿಗೆ ಮುಟ್ಟಿಸುವುದು ಯಾರೂ ವಹಿಸದ, ಗದ್ದೆಪ್ಪ ತಾವೇ ಹಚ್ಚಿಕೊಂಡ ಕೆಲಸ. ನಾಲ್ಕು ವರ್ಷದಲ್ಲಿ ಅರವತ್ತಕ್ಕೂ ಹೆಚ್ಚು ಸುದ್ದಿ ಒಯ್ದಿದ್ದಾರೆ. ಟಿವಿಯಲ್ಲಿ ಬಂದದ್ದು ಒಂಬತ್ತು. ಆ ಒಂಬತ್ತೇ ಯಾಕೆ ಎಂಬುದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಕಲ್ಲಹಾಳದ ಸಂಗತಿಯನ್ನೇ ನೋಡಿ. ದೇವದುರ್ಗ ತಾಲೂಕಿನಲ್ಲಿ ಗೂಗಲ್ ಎಂಬ ಹಳ್ಳಿಯ ಕಡೆಯ ಈ ಸಣ್ಣ ಊರಿಗೆ ಮೆಟ್ಟಿಲ ಬಾವಿಯೇ ಗತಿ. ಜನ ಒಳಗಿಳಿದು ನೀರು ತುಂಬಬೇಕು, ಅದನ್ನೇ ಕುಡಿಯಬೇಕು. ಆ ನೀರಿನಿಂದ ಹತ್ತುವ ನಾರುಹುಣ್ಣಿನ ಹುಳ ವರ್ಷದ ಮೇಲೆ ಕಾಲು ಸೀಳಿಕೊಂಡು ಹೊರಬರುತ್ತದೆ. ಕಳೆದ ವರ್ಷ, ಎಂಬತ್ತೈದರ ಬೇಸಿಗೆಯಲ್ಲಿ, ಗದ್ದೆಪ್ಪ ಸ್ಟುಡಿಯೊದಲ್ಲಿ ನಿಂತು ಹೇಳಿದರು: "ಸಾಹೇಬ್ರ, ಇಪ್ಪತ್ಮೂರು ಮಂದಿ ಕಾಲಾಗ ನಾರು ಎದ್ದದ. ಬಿತ್ತಾಕ ಆಳಿಲ್ಲ."

"ಅದು ನಮ್ಮಜ್ಜನ ಕಾಲದಿಂದ ಅದಲ್ಲೋ ಗದ್ದೆಪ್ಪ. ಹೊಸಾದು ಏನದ ಹೇಳು."

ಗದ್ದೆಪ್ಪ ಯೋಚಿಸಿದರು. "ಆ ಊರ ಬಸ್ಸಮ್ಮನ ಕಾಲು ಹೊಸಾದ್ರೀ. ಹೋದ ವರ್ಷ ಆಕಿಗಿ ಇರಲಿಲ್ಲ."

ಮೀರಾಹುಸೇನ ನಕ್ಕು ಚಹಾ ತರಿಸಿದರು. ಚಹಾ ಕುಡಿಯುತ್ತ ಗದ್ದೆಪ್ಪ ಸುಮ್ಮನೆ ಮಾತಿಗೆಂದು, ಚೀಕಲಪರ್ವಿಯಲ್ಲಿ ಒಂದು ಆಡು ನಾಯಿಮರಿಗೆ ಮೊಲೆಯೂಡಿಸುತ್ತದೆ ಎಂದರು. ಮೀರಾಹುಸೇನ ಬಸಿಯನ್ನು ಅಲ್ಲೇ ಇಟ್ಟು ಕ್ಯಾಮೆರಾ ಹೆಗಲಿಗೇರಿಸಿದರು. ವಾರದೊಳಗೆ ಆಡು ಟಿವಿಯಲ್ಲಿ ಬಂತು. ಮಾನ್ವಿಯ ಚಹಾದಂಗಡಿಯಲ್ಲಿ ಎಲ್ಲರೂ ಗದ್ದೆಪ್ಪನವರ ಬೆನ್ನು ತಟ್ಟಿದರು.

"ಇಪ್ಪತ್ಮೂರು ಮಂದಿ ಸುದ್ದಿ ಆಗಲಿಲ್ಲ, ಒಂದು ಆಡು ಸುದ್ದಿ ಆತು. ನನ್ನ ತೆಲಿ ಗಿರ್ರ್ ಅಂತ ತಿರಗಾಕತ್ತಿತ್ರೀ," ಎನ್ನುತ್ತಾರೆ ಗದ್ದೆಪ್ಪ.

ಮತ್ತೆ ನಾಲ್ಕು ಶನಿವಾರ ಅದೇ ಬಾವಿ, ಅದೇ ಮಾತು. ಕಡೆಗೆ ಮೀರಾಹುಸೇನ, "ನಾ ಕಳಿಸಿದ ಹತ್ತರಾಗ ಎಂಟು ಗುಲ್ಬರ್ಗದವರು ತಗೊಳ್ಳಂಗಿಲ್ಲ. ಕಣ್ಣಿಗೆ ಕಾಣೂದು ಏನರ ತಗೊಂಡು ಬಾ," ಎಂದರು. ಮುಂದಿನ ಶನಿವಾರ ಗದ್ದೆಪ್ಪ ಬಸ್ಸಮ್ಮನನ್ನೇ ಕರೆತಂದರು. ಐವತ್ತು ದಾಟಿದ ಕೂಲಿ ಹೆಂಗಸು, ಕಾಲಿಗೆ ಹಳೇ ಸೀರೆಯ ತುಂಡು ಸುತ್ತಿಕೊಂಡು ಎರಡು ಬಸ್ಸು ಬದಲಿಸಿ ಬಂದಿದ್ದಳು. ಮದುಮಕ್ಕಳನ್ನು ಕೂರಿಸುವ ಕುರ್ಚಿಯಲ್ಲಿ ಕೂತು ಬಟ್ಟೆ ಬಿಚ್ಚಿದಳು. ಹಿಮ್ಮಡಿಯ ಮೇಲೆ ಕಡ್ಡಿಗೆ ಸುತ್ತಿದ ಬಿಳಿ ಹುಳ, ಅರ್ಧ ಹೊರಗೆ, ಅರ್ಧ ಇನ್ನೂ ಒಳಗೆ.

"ತಗೀರಿ ಯಪ್ಪಾ. ನನಗೇನು ನಾಚಿಕಿಲ್ಲ. ಇದನ್ನ ಕಂಡರ ಯಾರಿಗರ ಬುದ್ಧಿ ಬರ್ಲಿ."

ಇದ್ದ ಫಿಲ್ಮು ಮುಗಿಯುವವರೆಗೆ ಮೀರಾಹುಸೇನ ತೆಗೆದರು.

ಸುದ್ದಿ ಬಂತು. ಎರಡು ದಿನದ ಮೇಲೆ ಪಂಪುಗಳ ಕಚೇರಿಯ ಸಾಹೇಬರೊಬ್ಬರು ಗದ್ದೆಪ್ಪನವರನ್ನು ಕರೆಸಿ, "ಪಂಪ್ ರಿಪೇರಿ ಮಾಡೋನಿಗೆ ಟಿವಿ ಉಸಾಬರಿ ಯಾಕಲೇ? ಕೆಲಸ ಬ್ಯಾಡಾಗೇದನು?" ಎಂದು ಬೈದರು. ದೀಪಾವಳಿಯ ಹೊತ್ತಿಗೆ ಅದೇ ಸಾಹೇಬರು ಮತ್ತೆ ಕರೆಸಿ, "ಕಲ್ಲಹಾಳದಾಗ ಬೋರ್ ಹಾಕ್ಯಾರ, ಹೋಗಿ ಪಂಪ್ ಕೂಡ್ಸು," ಎಂದರು. ಗದ್ದೆಪ್ಪ ಗೂಗಲ್ ದಾರಿ ಹಿಡಿದು ಕಲ್ಲಹಾಳ ಮುಟ್ಟಿದರೆ ಅಲ್ಲಿ ಬೋರಿನ ಸುಳಿವೇ ಇಲ್ಲ. ಬಸ್ಸಮ್ಮ ಬಾವಿಯ ಮೆಟ್ಟಿಲು ಹತ್ತಿ ಬರುತ್ತಿದ್ದಳು.

ಆಗಿದ್ದು ಇಷ್ಟೇ. ಟಿವಿಯಲ್ಲಿ ತಾಲೂಕಿನ ಹೆಸರು ಹೇಳಿರಲಿಲ್ಲ. ಮಾನ್ವಿ ತಾಲೂಕಿನಲ್ಲೂ, ಚೀಕಲಪರ್ವಿಯಿಂದ ಈಚೆಗೆ, ಇನ್ನೊಂದು ಕಲ್ಲಹಾಳವಿದೆ. ಬೋರಿನ ಲಾರಿ ಅಲ್ಲಿಗೆ ಹೋಗಿತ್ತು. ಗದ್ದೆಪ್ಪ ಅಲ್ಲಿಗೂ ಹೋದರು. ಅಲ್ಲೂ ಮೆಟ್ಟಿಲ ಬಾವಿ, ಅಲ್ಲೂ ಕಾಲಿಗೆ ಬಟ್ಟೆ ಸುತ್ತಿಕೊಂಡವರು. ಪಂಪು ಕೂಡಿಸಿದ ಕೂಡಲೇ ಶರಣಮ್ಮ ಎಂಬ ಮುದುಕಿ ಮೊದಲ ನೀರನ್ನು ಅವರ ಕಾಲಿಗೆ ಹಾಕಿ ಕೈಮುಗಿದಳು.

"ತಪ್ಪಾತೋ ಛಲೋ ಆತೋ ತಿಳೀಲಿಲ್ರೀ. ಈ ಊರಿಗಿ ಬಂದ ನೀರು ಆ ಊರಿಂದು. ಇವರಿಗಿ ಬ್ಯಾಡ ಅನ್ನಾಕ ನಾ ಯಾರು?" ಎನ್ನುತ್ತಾರೆ ಗದ್ದೆಪ್ಪ.

ಕಚೇರಿಯಲ್ಲಿ ಕೇಳಿದರೆ ಕಲ್ಲಹಾಳಕ್ಕೆ ನೀರು ಕೊಟ್ಟಾಗಿದೆ, ಕಡತ ಮುಗಿದಿದೆ ಎಂದರು. ಕೆಲಸದ ಭಯ ಇದ್ದೇ ಇತ್ತು. ಆದರೂ ಶನಿವಾರ ಸ್ಟುಡಿಯೊ ಮೆಟ್ಟಿಲು ಹತ್ತಿ, ಸಾಹೇಬರ ಬೈಗುಳವನ್ನೂ ಬಿಡದೆ ಎಲ್ಲ ಹೇಳಿಕೊಂಡರು. ಮೀರಾಹುಸೇನ ಎದ್ದು ನಿಂತರು. "ರೋಗ ಒಂದೂರಿಗಿ, ನೀರು ಇನ್ನೊಂದೂರಿಗಿ! ಅರೇ, ಇದು ಸುದ್ದಿ ನೋಡು! ನಿನ್ನ ಹೆಸರು ಎಲ್ಲೂ ಬರಂಗಿಲ್ಲ, ಹೆದರಬ್ಯಾಡ."

ಗದ್ದೆಪ್ಪ ಮತ್ತೆ ಗೊಂದಲಕ್ಕೆ ಬಿದ್ದರು. "ಬಾವಿ ಅದೇ, ಮಂದಿ ಅದೇ, ಹುಳ ಅದೇ. ಆವಾಗ ಹಳೇದು, ಈಗ ಹೊಸಾದು. ನನಗ ಎಲ್ಲಿ ತಿಳೀಬೇಕ್ರೀ?"

ಆ ಸುದ್ದಿಯೂ ಟಿವಿಯಲ್ಲಿ ಬಂತು; ಈ ಜನವರಿಯಲ್ಲಿ ಬಸ್ಸಮ್ಮನ ಊರಿಗೂ ಬೋರು ಬಿತ್ತು. ಪಂಪು ಕೂಡಿಸಿದವರು ಗದ್ದೆಪ್ಪನವರೇ. ಬಾವಿಯ ಮೆಟ್ಟಿಲಿಗೆ ಮುಳ್ಳುಬೇಲಿ ಬಡಿದವಳು ಬಸ್ಸಮ್ಮ. ತಾವು ಕೊಟ್ಟ ಒಂದು ಸುದ್ದಿಯನ್ನೂ ಗದ್ದೆಪ್ಪ ಟಿವಿಯಲ್ಲಿ ಕಂಡಿಲ್ಲ. ಸಂಜೆ ಆ ಹೊತ್ತಿಗೆ ಯಾವುದೋ ಹಳ್ಳಿಯ ದಾರಿಯಲ್ಲಿರುತ್ತಾರೆ. ಅದರ ಆಸೆಯೂ ಅವರಿಗಿಲ್ಲ. ಇರುವ ಆಸೆ ಬೇರೆ.

"ಈ ಬ್ಯಾಸಗಿಗಿ ಹಿಂದ ಕುಡಿದ ನೀರಿನ ಹುಳ ಬರ್ತಾವ, ಅದು ತಪ್ಪಂಗಿಲ್ಲ. ಬರೋ ವರ್ಷ ಎರಡೂ ಕಲ್ಲಹಾಳದಾಗ ಒಬ್ಬರ ಕಾಲಾಗೂ ನಾರು ಏಳಬಾರ್ದು. ಏನೂ ಆಗಲಿಲ್ಲ ಅಂಬೋದನ್ನ ಟಿವ್ಯಾಗ ತೋರ್ಸಂಗಿಲ್ಲಂತ, ಸ್ಟುಡಿಯೊ ಸಾಹೇಬ್ರು ಹೇಳ್ಯಾರ. ತೋರ್ಸದಿದ್ರ ಬಿಡ್ಲಿ. ನಾ ಅಂತೂ ಹೋಗಿ ಹೇಳೇ ಬರ್ತೀನಿ."