ಬ್ರದರ್ ಮುಚ್ಚಳ ತೆಗೆದ ಗಡಿಗೆ

ಏಪ್ರಿಲ್ ಹನ್ನೆರಡು, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲು ನೆನಪಾಗುವುದು ಅವರ ಕುತ್ತಿಗೆ. ಅದರ ಸುತ್ತ ಯಾವಾಗಲೂ ನೀಲಿ ಅಂಚಿನ ಒಂದು ಟವೆಲ್ ಇರುತ್ತಿತ್ತು. ಮನೆ ಬಿಡುವಾಗ ನೆನೆಸಿಕೊಂಡದ್ದು ಗೋವಾದ ಮಂಗೋರ್ ಹಿಲ್‌ನ ಮೆಟ್ಟಿಲು ಹತ್ತಿ ನಮ್ಮ ಮನೆಗಳ ಸಾಲಿಗೆ ಬರುವಷ್ಟರಲ್ಲಿ ಒಣಗಿರುತ್ತಿತ್ತು. ಅಂಗಿ ಮಾತ್ರ ಬೆವರಿಗೆ ಒದ್ದೆ. ನಲ್ಲಿಯ ಕೆಳಗೆ ಟವೆಲ್ಲನ್ನು ಮತ್ತೆ ನೆನೆಸಿ, ಹಿಂಡದೆ ಹಾಗೇ ಕುತ್ತಿಗೆಗೆ ಸುತ್ತಿಕೊಂಡು, ನೀರು ಬೆನ್ನಿಗೆ ಇಳಿಯುತ್ತಿರುವಾಗಲೇ ಪಾಠ ಶುರು ಮಾಡುತ್ತಿದ್ದರು.

ನಾವು ಅವರನ್ನು ಬ್ರದರ್ ಎನ್ನುತ್ತಿದ್ದೆವು. ಇನ್ನೂ ಮೂವತ್ತು ದಾಟದ ಮಿಷನರಿ. ಅವರ ದೇಶ ಲೆಸೋಥೊ, ದಕ್ಷಿಣ ಆಫ್ರಿಕಾದ ನಡುವೆ ಬೆಟ್ಟಗಳ ಮೇಲಿರುವ ಪುಟ್ಟ ದೇಶ. ವಾಸ್ಕೋದ ಮಿಷನ್ ಮನೆಯಲ್ಲಿದ್ದುಕೊಂಡು, ಘಟ್ಟದಾಚೆಯಿಂದ ಬಂದು ಬಂದರಿನಲ್ಲಿ ಕೂಲಿ ಮಾಡುವ ನಮ್ಮ ಕಡೆಯವರ ಮಕ್ಕಳಿಗೆ ಸಂಜೆ ಲೆಕ್ಕ, ಇಂಗ್ಲಿಷ್ ಹೇಳಿಕೊಡುವುದು ಅವರ ಕೆಲಸ. ಪಾಠ ನಮ್ಮ ಮನೆಯ ಪಕ್ಕದ ತಗಡಿನ ಖೋಲಿಯಲ್ಲಿ. ನಾನಾಗ ಹನ್ನೆರಡನೆಯ ತರಗತಿಯಲ್ಲಿದ್ದೆ. ಅವರು ಮೊದಲು ಬಂದ ದಿನ ನನ್ನ ದಿನಚರಿಯಲ್ಲಿದೆ: ಮಾರ್ಚ್ ಮೂರು, ಸಂಜೆ ಐದೂಕಾಲು. ಕೆಳಗೆ ಇಷ್ಟೇ: ಹೊಸ ಬ್ರದರ್. ಭಾಳ ಎತ್ತರ. ಬಾಗಿಲಿಗೆ ತಲೆ ಬಡಿಯಿತು.

ಆ ಖೋಲಿಯಲ್ಲಿ ಇದ್ದದ್ದು ಒಂದೇ ಟೇಬಲ್ ಫ್ಯಾನ್. ಬಿಸಿಲು ಬಡಿಯುವ ಗೋಡೆಯ ಬದಿಗೆ ಅವರ ಕುರ್ಚಿ ಹಾಕಿ, ಫ್ಯಾನನ್ನು ಮಕ್ಕಳ ಕಡೆಗೆ ತಿರುಗಿಸಿದ್ದೆವು. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಲಿಲ್ಲ.

"ಆಫ್ರಿಕಾದಾಂವಗ ಬಿಸಿಲು ಏನ್ ದೊಡ್ಡದು?" ಎಂದಳು ಎದುರುಮನೆಯ ಚಾಚಿ. ಹುಬ್ಬಳ್ಳಿ ಕಡೆಯವಳು, ಗಂಡ ಟೆಂಪೊ ಓಡಿಸುತ್ತಾನೆ. "ನಮ್ಮ ಬಿಸಿಲು ಅಂವಗ ಥಂಡಿ ಹತ್ತತೈತಿ, ನೋಡ್ತಿರು."

ವಾರ ತುಂಬುವುದರೊಳಗೆ ಒಂದು ಸಂಜೆ, ಭಾಗಾಕಾರ ಹೇಳಿಕೊಡುತ್ತಿದ್ದ ಬ್ರದರ್ ಬೋರ್ಡಿಗೆ ಹಣೆ ಆನಿಸಿ ನಿಂತರು. ಹಾಗೇ ಜಾರಿ ನೆಲಕ್ಕೆ ಕುಸಿದರು. ಓಡಿ ಬಂದು ಮುಖಕ್ಕೆ ನೀರು ಹಾಕಿದವಳು ಚಾಚಿಯೇ. ಎಚ್ಚರವಾದ ಮೇಲೆ ಅವರು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಮೊಣಕಾಲುದ್ದ ಹಿಮದಲ್ಲಿ ದಪ್ಪ ಕಂಬಳಿ ಹೊದ್ದ ಒಬ್ಬ ಹೆಂಗಸು ನಗುತ್ತ ನಿಂತಿದ್ದಳು. "ನನ್ನ ತಾಯಿ. ನಮ್ಮ ಮನೆಯ ಮುಂದೆ," ಎಂದು ಹಿಂದಿಯಲ್ಲಿ ಹೇಳಿದರು.

ಚಾಚಿ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. "ಯಾ ಅಲ್ಲಾ! ಇದೆಲ್ಲಾ ಬರ್ಫ ಐತಿ! ಫ್ರಿಜ್ಜಿನ್ಯಾಗ ಬೆಳದ ಹುಡುಗನ್ನ ತಂದು ಒಲಿ ಮ್ಯಾಲ ಕುಂದರಿಸೀವಲ್ಲ ನಾವು!"

ಅಂದಿನಿಂದ ಫ್ಯಾನ್ ಅವರ ಕಡೆ ತಿರುಗಿತು.

ಆದರೆ ಊಟದ ತೊಂದರೆಗೆ ಫ್ಯಾನ್ ಏನು ಮಾಡೀತು? ಮಿಷನ್ ಮನೆಯಲ್ಲಿ, ಪರದೇಶದವರೆಂದು, ಅವರಿಗೆ ಬ್ರೆಡ್ಡು, ಆಮ್ಲೆಟ್ಟು, ಹುರಿದ ಕೋಳಿ ಕೊಡುತ್ತಿದ್ದರು. ಆ ಸೆಖೆಯಲ್ಲಿ ಒಂದೂ ಒಳಗೆ ಇಳಿಯುತ್ತಿರಲಿಲ್ಲ, ಇಳಿದದ್ದು ಉಳಿಯುತ್ತಿರಲಿಲ್ಲ. ಏಪ್ರಿಲ್ ಕೊನೆಗೆ ನಮ್ಮಪ್ಪ ಮೊಳೆ ಕಾಸಿ ಅವರ ಬೆಲ್ಟಿಗೆ ಹೊಸ ತೂತು ಮಾಡಿಕೊಟ್ಟ. ಮಿಷನ್ ಮನೆಯ ಹಿರಿಯ ಫಾದರ್ ಕಡ್ಡಿ ಮುರಿದ ಹಾಗೆ ಹೇಳಿದ್ದರು: ಮಳೆ ಹಿಡಿಯುವುದರೊಳಗೆ ಮೈ ಸುಧಾರಿಸದಿದ್ದರೆ ಊರಿಗೆ ವಾಪಸ್. ಬ್ರದರ್ ಇದನ್ನು ನನಗೆ ಹೇಳಿದ್ದು ಬೋರ್ಡು ಒರೆಸುತ್ತ, ಬೆನ್ನು ತಿರುಗಿಸಿಕೊಂಡೇ. "ಹೋದರೆ ಮತ್ತೆ ಕಳಿಸುವುದಿಲ್ಲ. ಇದೊಂದಕ್ಕೇ ಇಷ್ಟು ವರ್ಷ ತಯಾರಾದೆ. ಸೋತದ್ದು ಹೊಟ್ಟೆಯಿಂದ ಎಂದು ಅಮ್ಮನಿಗೆ ಹೇಗೆ ಹೇಳಲಿ?"

ನಮ್ಮ ಮನೆಗೆ ಬಂದಾಗಲೆಲ್ಲ ಅವ್ವ ಅವರಿಗೆ ಕಂಬಳಿ ಹಾಸುತ್ತಿದ್ದಳು. ಬಂದವರನ್ನು ಬರಿನೆಲದ ಮೇಲೆ ಕೂರಿಸುವುದು ನಮ್ಮಲ್ಲಿಲ್ಲ. ಮೇ ತಿಂಗಳ ಸೆಖೆಯಲ್ಲಿ ಉಣ್ಣೆಯ ಕಂಬಳಿಯ ಮೇಲೆ ಕುಳಿತು, ಕುದಿಯುವ ಚಹಾ ಕುಡಿದು, ಬಿಸ್ಕತ್ತು ನುಂಗಿ, "ಭಾಳ ಚಲೋರಿ" ಎನ್ನುತ್ತಿದ್ದರು. ಅವರ ಕನ್ನಡ ನಮ್ಮ ಓಣಿಯ ಮಕ್ಕಳು ಕಲಿಸಿದ್ದು. ಒಂದನೆಯ ತರಗತಿಯ ಹುಡುಗನಿಗೂ "ಕುಂದರ್ರಿ ಸರ್" ಎಂದೇ ಹೇಳುತ್ತಿದ್ದರು.

"ನಿಮ್ಮನ್ನ ಕಿರಿಸ್ತಾನ್ರ ಮಾಡಾಕ ಬಂದಾನಂತ, ಕೆಳಗಿನ ಓಣ್ಯಾಗ ಮಾತಾಡಾಕತ್ತಾರ," ಎಂದು ಚಾಚಿ ಒಮ್ಮೆ ಅವ್ವನನ್ನು ಕೆಣಕಿದಳು.

"ಮೊದಲ ಅಂವಾ ನಾಕ ತುತ್ತು ಉಂಡು ಬದಕಲಿ, ಆಮ್ಯಾಲ ನೋಡೂಣು," ಎಂದಳು ಅವ್ವ.

ನಮ್ಮ ಮನೆಯಲ್ಲಿ ಬೇಸಗೆಯೆಂದರೆ ಅಂಬಲಿ. ಜೋಳದ ಹಿಟ್ಟನ್ನು ರಾತ್ರಿ ನೀರಿನಲ್ಲಿ ಕಲಸಿಟ್ಟು, ಹುಳಿ ಬಂದ ಮೇಲೆ ಬೆಳಿಗ್ಗೆ ಕುದಿಸಿ, ಆರಿದ ನಂತರ ಮಜ್ಜಿಗೆ, ಉಪ್ಪು ಬೆರೆಸುವುದು. ಅಪ್ಪ ಅದನ್ನು ಕುಡಿದೇ ಬಂದರಿಗೆ ಹೋಗುತ್ತಿದ್ದ. ಬ್ರದರ್ ಬರುವ ಸಪ್ಪಳವಾದರೆ ಅವ್ವ ಗಡಿಗೆ ಮುಚ್ಚಿ ಪರದೆಯ ಹಿಂದೆ ಸರಿಸುತ್ತಿದ್ದಳು. ಬಂದವರಿಗೆ ಅಂಬಲಿ ತೋರಿಸುವುದೆಂದರೆ ಅವಳಿಗೆ ಹರಿದ ಸೀರೆಯಲ್ಲಿ ಎದುರು ಬಂದ ಹಾಗೆ. ನಾನೂ ಅವಳ ಮಗಳೇ. ರೊಟ್ಟಿ ಕಂಡರೆ 'ಘಾಟಿ', ಅಂದರೆ ಘಟ್ಟದ ಆಚೆಯವಳು, ಎಂದು ಹಂಗಿಸುತ್ತಾರೆಂದು ನಾನು ಕಾಲೇಜಿಗೆ ಬ್ರೆಡ್ ಒಯ್ಯುತ್ತಿದ್ದೆ.

ಮೇ ಹದಿನೇಳು, ಮಧ್ಯಾಹ್ನ ಹನ್ನೆರಡೂವರೆ. ಬಿಟ್ಟು ಹೋದ ಕೊಡೆ ಒಯ್ಯಲು ಬ್ರದರ್ ಸದ್ದಿಲ್ಲದೆ ಬಂದರು. ಅವ್ವ ಬಟ್ಟಲು ಕೈಯಲ್ಲಿ ಹಿಡಿದು ಗಡಿಗೆಯ ಮುಂದೆ ಕೂತಿದ್ದಳು. ಗಡಬಡಿಸಿ ಮುಚ್ಚಳ ಹಾಕಿದಳು. ಬ್ರದರ್ ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದರು.

"ಅದು ಏನ್ರಿ?"

"ಏನಿಲ್ಲರಿ. ಅದು ನಮ್ಮಂಥಾವ್ರದು. ನೀವು ಕುಂದರ್ರಿ, ಚಾ ಇಡ್ತೀನಿ."

ಅವರು ಕುಳಿತುಕೊಳ್ಳಲಿಲ್ಲ. ಗಡಿಗೆಯ ಮುಂದೆ ಮಂಡಿಯೂರಿ ತಾವೇ ಮುಚ್ಚಳ ತೆಗೆದರು. ಬಗ್ಗಿ ಮತ್ತೊಮ್ಮೆ ಮೂಸಿದರು. ಅವ್ವನ ಮುಖ ನಾಚಿಕೆಯಿಂದ ಇಷ್ಟು ಸಣ್ಣದಾಗಿತ್ತು. ತಲೆ ಎತ್ತಿದಾಗ ಬ್ರದರ್ ಕಣ್ಣು ತುಂಬಿತ್ತು.

"ಮೊತೊಹೊ," ಎಂದರು. ಅವರ ಊರಿನಲ್ಲೂ ಜೋಳದ ಹಿಟ್ಟು ಹುಳಿ ಬರಿಸಿ ಇದನ್ನೇ ಕಾಯಿಸುತ್ತಾರೆ. ಅಲ್ಲಿ ಅದರ ಹೆಸರು ಅದು. "ನಮ್ಮ ಅವ್ವನ ಮನಿ ವಾಸನಿರಿ ಇದು."

ಮೊದಲನೆಯ ಬಟ್ಟಲನ್ನು ನಿಂತೇ ಕುಡಿದರು. ಎರಡನೆಯದಕ್ಕೆ ಅವ್ವ ಉಳ್ಳಾಗಡ್ಡಿ ಒಡೆದು ಕೊಟ್ಟಳು. ಸಂಜೆಯವರೆಗೂ ಅದು ಅವರ ಹೊಟ್ಟೆಯಲ್ಲಿ ಉಳಿಯಿತು. ಮರುದಿನದಿಂದ ಅವ್ವ ಗಡಿಗೆಗೆ ಒಂದು ಹಿಡಿ ಹಿಟ್ಟು ಹೆಚ್ಚು ಹಾಕತೊಡಗಿದಳು. ಆದರೆ ಬೇಡಿಕೊಂಡಿದ್ದಳು: "ಫಾದರ್ ಮುಂದ ಮಾತ್ರ ಹೇಳಬ್ಯಾಡ್ರಿ ಯಪ್ಪಾ. ಅಂಬಲಿ ಕುಡಿಸಿದ್ರಂತ ಅಂದಾರು."

ಜೂನ್ ಮೊದಲ ವಾರ ಹಿರಿಯ ಫಾದರ್ ನಮ್ಮ ಮನೆಗೇ ಬಂದರು. ವಾಪಸ್ ಕಳಿಸುವ ದಿನ ಗೊತ್ತುಮಾಡಲು ಬಂದಿದ್ದಾರೆಂದೇ ನಾವು ತಿಳಿದೆವು. ಅವ್ವ ಒಳ್ಳೆಯ ಸೀರೆ ಉಟ್ಟು ಶಿರಾ ಮಾಡಿದ್ದಳು. ಫಾದರ್ ತಟ್ಟೆ ಮುಟ್ಟದೆ ಹಿಂದಿಯಲ್ಲಿ ಕೇಳಿದರು: "ನಮ್ಮ ಮೇಜಿನಲ್ಲಿ ಇವರು ಏನೂ ತಿನ್ನುವುದಿಲ್ಲ. ಆದರೂ ಕೆನ್ನೆ ತುಂಬಿಕೊಂಡಿದೆ. ತಾಯಿ, ನೀವು ಏನು ಕೊಡುತ್ತೀರಿ?"

ಅವ್ವ ಶಿರಾದ ತಟ್ಟೆಯನ್ನೇ ಮತ್ತೆ ಅವರ ಕಡೆ ಸರಿಸಿದಳು. ಬ್ರದರ್ ಎದ್ದು, ಪರದೆ ಸರಿಸಿ, ಗಡಿಗೆಯನ್ನು ಎರಡೂ ಕೈಯಲ್ಲಿ ತಂದು ಫಾದರ್ ಮುಂದಿಟ್ಟು ಮುಚ್ಚಳ ತೆಗೆದರು.

ಫಾದರ್ ಹುಟ್ಟಾ ಗೋವಾದವರು. ಗಡಿಗೆಯೊಳಗೆ ನೋಡಿದರು, ಬ್ರದರ್ ಮುಖ ನೋಡಿದರು, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ಇದು ಪೇಜ್! ನಾವು ಅಕ್ಕಿಯಿಂದ ಕಾಯಿಸುತ್ತೇವೆ, ನೀವು ಜೋಳದಿಂದ. ನಮ್ಮ ಅಡುಗೆಮನೆಯಲ್ಲಿ ದಿನಾ ಹನ್ನೊಂದಕ್ಕೆ ನಾನು ಕುಡಿಯುತ್ತೇನೆ. ಈ ಹುಡುಗನಿಗೆ ಕಾಣದ ಹಾಗೆ! ಪರದೇಶದವನಿಗೆ ಗಂಜಿ ಹೇಗೆ ಕೊಡುವುದೆಂದು ನಮ್ಮ ಅಡುಗೆಯವಳು ಮುಚ್ಚಿಡುತ್ತಾಳೆ."

ಬಾಗಿಲಲ್ಲಿ ನಿಂತಿದ್ದ ಚಾಚಿ ಸುಮ್ಮನಿರಲಿಲ್ಲ. "ಹಂಗಂದ್ರ ಎಲ್ಲಾರೂ ಕೂಡಿ ಮರ್ಯಾದಿ ಮಾಡಿ ಮಾಡೀನ ಇವನ್ನ ಉಪಾಸ ಕೆಡವೀರಿ."

ಫಾದರ್ ಒಂದು ಬಟ್ಟಲು ಕೇಳಿ ಕುಡಿದರು. ವಾಪಸ್ ಕಳಿಸುವ ಮಾತು ಮತ್ತೆ ಬರಲಿಲ್ಲ. ಆ ವರ್ಷ ಕಾಲೇಜು ಶುರುವಾದಾಗ ನನ್ನ ಡಬ್ಬಿಯಲ್ಲಿ ರೊಟ್ಟಿ ಇತ್ತು. ಬ್ರದರ್‌ಗೆ ನಾನು ಋಣಿಯಾಗಿರುವುದು ಲೆಕ್ಕದ ಪಾಠಕ್ಕಿಂತ ಹೆಚ್ಚಾಗಿ ಅದಕ್ಕೆ.

ಬ್ರದರ್ ಇನ್ನೂ ಎರಡು ಬೇಸಗೆ ನಮ್ಮೊಂದಿಗೆ ಕಳೆದರು. ಮುಂದೆ ಎಲ್ಲಿಗೆ ಎಂದು ಕೇಳಿದಾಗ, ಜೋಳ ಬೆಳೆಯುವ ಕಡೆ ಕಳಿಸಿ ಎಂದರಂತೆ. ವಿಜಯಪುರದ ಕಡೆಗೆ ಹಾಕಿದರು.

"ಅಲ್ಲಿ ಬಿಸಿಲು ಇಲ್ಲಿದರ ಅಪ್ಪ ಐತ್ರಿ!" ಎಂದು ಅವ್ವ ಬೈದಳು.

"ಇರಲಿ ಅವ್ವಾರ. ಗಡಿಗಿನೂ ಐತಿ."

ಹೊರಡುವ ದಿನ, ತಾಯಿ ಕೊಟ್ಟು ಕಳಿಸಿದ್ದ, ಇಲ್ಲಿ ಒಮ್ಮೆಯೂ ಹೊದೆಯದ ಕಂಬಳಿಯನ್ನು ಅವ್ವನ ಹೆಗಲಿಗೆ ಹೊದಿಸಿದರು. ಬಸ್ಸು ಘಟ್ಟದ ಬುಡದ ಮೊಲೆಂ ದಾಟುವಾಗ ಫೋನ್ ಮಾಡಿದರು. ಘಟ್ಟದಲ್ಲಿ ಮಾತು ಕಡಿಯಿತು. ಆಮೇಲೆ ಕೆಲವು ಸಲ ಮಾತನಾಡಿದೆವು. ಈಗ ಆ ನಂಬರ್ ಹತ್ತುತ್ತಿಲ್ಲ. ಹಿರಿಯ ಫಾದರ್ ಕೂಡ ತೀರಿಕೊಂಡರು. ಮಿಷನ್ ಮನೆಯಲ್ಲಿ ಈಗಿರುವ ಹೊಸಬರಿಗೆ ಏನೂ ಗೊತ್ತಿಲ್ಲ.

ಅವರು ಕೊಟ್ಟ ಕಂಬಳಿಯನ್ನು ಅವ್ವ ಬಂದವರಿಗೆ ಹಾಸುತ್ತಾಳೆ. ಹಾಸಿ, ಮೊದಲು ಅಂಬಲಿ ಕೊಡುತ್ತಾಳೆ.

ಬಾಗಿಲಿಗೆ ಬಗ್ಗಿ ಬರುವಷ್ಟು ಎತ್ತರದ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿದ, ಸಣ್ಣ ಮಕ್ಕಳಿಗೂ 'ಕುಂದರ್ರಿ' ಎನ್ನುವ ಬ್ರದರ್ ಒಬ್ಬರನ್ನು ನಿಮ್ಮ ಊರಿನಲ್ಲಿ ಕಂಡಿದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೇಗಿದ್ದಾರೆ, ಊಟ ಸೇರುತ್ತದೆಯೇ ಎಂಬಷ್ಟು ತಿಳಿದರೆ ಸಾಕು. ಅವ್ವ ಕೇಳುತ್ತಿರುತ್ತಾಳೆ.