ದಾರಿ ಹೇಳದ ಪತ್ರ

ಗೆಳೆಯರೇ, ಇವತ್ತು ಮೊಮ್ಮಗಳು ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯತೊಡಗಿದಳು. ನನಗೆ ಎಂಬತ್ತರ ದಶಕದ ನಿಟ್ಟೂರಿನ ಕನ್ನಡ ಮೇಷ್ಟ್ರು ನೆನಪಾದರು.

'ನಿಮ್ಮ ಮನೆಗೆ ಬರುವ ದಾರಿ ತಿಳಿಸಿ ಗೆಳೆಯನಿಗೆ ಪತ್ರ ಬರೆಯಿರಿ' ಎಂಬುದು ಅವರು ಕೊಟ್ಟ ಪ್ರಶ್ನೆ. ನಾನು ಕಾಡು, ಹಕ್ಕಿ, ಸೂರ್ಯೋದಯ ಅಂತ ಎರಡು ಪುಟ ತುಂಬಿಸಿದೆ.

ಭಾನುವಾರ ಮಧ್ಯಾಹ್ನ ಮೇಷ್ಟ್ರು ನಮ್ಮ ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ನನ್ನ ಹಾಳೆ, ಕಾಲಲ್ಲಿ ರಕ್ತ ಹೀರುತ್ತಿದ್ದ ಉಂಬಳಗಳು.

"ನಿನ್ ಪತ್ರ ನೋಡ್ಕೊಂಡೇ ಹೊರಟೆ ಮಾರಾಯ. ಸೂರ್ಯೋದಯ ಆದ್ಮೇಲೆ ಎಡಕ್ಕಾ, ಬಲಕ್ಕಾ?"

ಅಮ್ಮ ಓಡಿಹೋಗಿ ಉಂಬಳ ಬಿಡಿಸಲು ಸುಣ್ಣ ತಂದರು. "ಪ್ರಶ್ನೆ ಏನ್ ಕೇಳ್ತದೆ ಅಂತ ಮೊದ್ಲು ನೋಡು, ಪೆನ್ನು ಆಮೇಲೆ" ಎಂದರು ಮೇಷ್ಟ್ರು.

ಮಾರ್ಕು ಸೊನ್ನೆ ಬಂತು. ಆದರೆ ಒಂದು ಪ್ರಶ್ನೆ ಅರ್ಥ ಮಾಡಿಸಲು ಅರ್ಧ ದಿನ ಕಾಡಲ್ಲಿ ದಾರಿ ತಪ್ಪಿದ ಮೇಷ್ಟ್ರನ್ನು ನಾನು ಬೇರೆಲ್ಲೂ ಕಂಡಿಲ್ಲ.